ಪೆಡಲ್ ಮೇಲಿನ ಕಾಲು

"ಏಯ್! ಆ ಹೇಲು ಮಿಷನ್ನ ನನ್ನ ಟೈಲ್ಸ್ ಮೇಲೆ ಇಟ್ಟೆ ಅಂದ್ರೆ ಕೈ ಮುರಿದು ಹಾಕ್ತೀನಿ, ಬೋಳೀಮಗನೆ!"

ಸಾವ್ಕಾರ್ರ ಕೂಗಿಗೆ ಕರಿಯಪ್ಪ, ಕಟ್ಟಿಕೊಂಡ ಪೈಪು ಬಿಡಿಸುವ ಯಂತ್ರವನ್ನು ಎದೆಗವಚಿಕೊಂಡೇ ಬಚ್ಚಲಿನ ಹಿಂಬಾಗಿಲಲ್ಲಿ ನಿಂತುಬಿಟ್ಟ. ಹೊಂಗಡಹಳ್ಳದ ಆಚೆಯ ಆ ಎಸ್ಟೇಟಿನಲ್ಲಿ ಪ್ರತಾಪ್ ಸಾವ್ಕಾರ್ರು ಆರು ಕೋಣೆಯ ಹೋಂಸ್ಟೇ ಕಟ್ಟಿಸಿ ಎರಡು ವರ್ಷವಾಗಿತ್ತು. ಮೂರನೆಯ ಕೋಣೆಯ ಕಮೋಡು ಬೆಳಗಿನಿಂದ ಕಟ್ಟಿಕೊಂಡಿತ್ತು. ಬಿಸಿಲೆ ಘಾಟಿ ನೋಡಲು ಹೋದ ಗೆಸ್ಟುಗಳು ಊಟದ ಹೊತ್ತಿಗೆ ಹಿಂದಿರುಗುವವರಿದ್ದರು.

"ಬುದ್ಧಿ, ಮಿಷನ್ನು ತೂತಿನ ಪಕ್ಕದಲ್ಲೇ ಇರ್ಬೇಕು," ಎಂದ ಕರಿಯಪ್ಪ, ನೆಲ ನೋಡುತ್ತ. "ಸ್ಪ್ರಿಂಗ್ ಹಿಡಿದೋನೇ ಪೆಡಲ್ ತುಳೀಬೇಕು ಅಂತ..."

"ಎರಡು ದಿನ ಸಕಲೇಶಪುರಕ್ಕೆ ಕಳಿಸಿದ್ದಕ್ಕೆ ಇಂಜಿನಿಯರ್ ಆಗ್ಬಿಟ್ಯೇನೋ? ನಿಮ್ಮಪ್ಪ ಬರೀ ಕೈಲಿ ಬಳೀತಿದ್ದ, ಒಂದು ದಿನ ಬಾಯಿ ಬಿಟ್ಟೋನಲ್ಲ. ಮಿಷನ್ ಹೊರಗಿರ್ಲಿ. ಆ ಬೂಟ್ಸು ಹಾಕ್ಕೊಂಡು ನೀನೂ ಒಳಗೆ ಬರ್ಬೇಡ. ನಿನ್ನ ತಂಗಿ ಗಂಗಿ ಕಾಲು ತೊಳ್ಕೊಂಡು ಒಳಗೆ ಹೋಗ್ಲಿ."

ಯಂತ್ರ ಮಾರಿದ ಅಬ್ದುಲ್ ರಶೀದರ ಅಂಗಡಿಯಲ್ಲಿ ಅವರ ಮಗ ಆಸಿಮ್ ಆ ಎರಡು ದಿನವೂ ಒಂದೇ ಪಾಠವನ್ನು ಹತ್ತು ಸಲ ಒಪ್ಪಿಸಿಕೊಂಡಿದ್ದ. "ಕೈ ಯಾರದೋ ಕಾಲೂ ಅವರದೇ ಇರ್ಬೇಕು ಕರಿಯಣ್ಣ. ಪೈಪಿನೊಳಗೆ ಸ್ಪ್ರಿಂಗ್ ಸಿಕ್ಕಾಕ್ಕೊಂಡ್ರೆ ಮೊದ್ಲು ಗೊತ್ತಾಗೋದು ಕೈಗೆ. ಕಾಲು ಬೇರೆಯೋರದಾದ್ರೆ, ಸುದ್ದಿ ಮುಟ್ಟೋದ್ರೊಳಗೆ ಸ್ಪ್ರಿಂಗ್ ಸುತ್ಕೊಂಡು ಬೆರಳು ಹೋಗ್ಬುಡ್ತೈತೆ."

ಕರಿಯಪ್ಪನಿಗೆ ಅದೆಲ್ಲ ಬಾಯಿಪಾಠವಾಗಿತ್ತು. ಆದರೂ ಅವನು ಯಂತ್ರವನ್ನು ಹೊರಗಿನ ಸಿಮೆಂಟು ಕಟ್ಟೆಯ ಮೇಲಿಟ್ಟ. ಇದ್ದದ್ದು ಒಂದೇ ಜೊತೆ ಚರ್ಮದ ಗ್ಲೌಸು. ಬಿಚ್ಚಿ ತಂಗಿಗೆ ಕೊಟ್ಟ. ಅವು ಗಂಗಾಮಣಿಯ ಕೈಗೆ ಚೀಲದಂತೆ ಜೋತುಬಿದ್ದವು.

"ಇದೇನಣ್ಣ, ಒಂದ್ರೊಳಗೆ ನನ್ನ ಎರಡೂ ಕೈ ಹಿಡಿಸ್ತಾವೆ," ಎಂದು ನಗಾಡಿದಳು ಅವಳು. ಗಂಡ ಸತ್ತ ಮೇಲೆ, ಎಸ್ಟೇಟು ಆಳುಗಳಿಗೆ ಕೊಟ್ಟ ಲೈನ್ ಮನೆಯಲ್ಲಿ ಅಣ್ಣನ ಜೊತೆಗೇ ಇದ್ದ ಗಂಗಾಮಣಿ, ಕಾಫಿ ಹಣ್ಣು ಬಿಡಿಸುವುದರಲ್ಲಿ ಇಡೀ ಲೈನಿಗೆ ಮುಂದು.

"ಜ್ವಾಪಾನ ಕಣವ್ವ. ಬಿಗಿ ಆಯ್ತು ಅನ್ಸಿದ್ರೆ ಕೂಗು. ತಕ್ಷಣ ನಿಲ್ಸ್‌ಬುಡ್ತೀನಿ."

ಅವಳು ಸ್ಪ್ರಿಂಗಿನ ತುದಿ ಹಿಡಿದು ಅಡ್ಡಗೋಡೆಯ ಆಚೆ ಮರೆಯಾದಳು. ಕರಿಯಪ್ಪ ಪೆಡಲ್ ತುಳಿದ. ಡ್ರಮ್ಮು ಗುರ್ರೆಂದು ತಿರುಗಿ, ಉಕ್ಕಿನ ಸ್ಪ್ರಿಂಗು ಹಾವಿನಂತೆ ಹೊಸ್ತಿಲು ದಾಟಿತು. ಐದಡಿ, ಹತ್ತಡಿ ಹೋಯಿತು. ಆಮೇಲೆ ಒಳಗಿನಿಂದ ಕೂಗು ಬಂತು: "ನಿಲ್ಸಣ್ಣ! ಸಿಕ್ಕಾಕ್ಕೊಂಡೈತೆ!"

ಕರಿಯಪ್ಪ ಕಾಲು ತೆಗೆದ.

"ಯಾಕೋ ನಿಲ್ಸಿದೆ?" ಪ್ರತಾಪ್ ಗಡಿಯಾರ ನೋಡಿಕೊಳ್ಳುತ್ತ ಹತ್ತಿರ ಬಂದ. "ಸಿಕ್ಕಾಕ್ಕೊಂಡಾಗಲೇ ಜೋರು ಕೊಡ್ಬೇಕು. ಹೆಣ ಕಾಯೋ ಹಾಗೆ ನಿಂತ್ಕೊಂಡ್ರೆ ಹೋಗ್ತದಾ?"

ಸಾವ್ಕಾರ್ರು ಪೆಡಲ್ ಹತ್ತಿರಕ್ಕೇ ಬಂದರು. ಕರಿಯಪ್ಪ ಮೂರು ಹೆಜ್ಜೆ ಪಕ್ಕಕ್ಕೆ ಸರಿದ. ಪಕ್ಕಕ್ಕೆ ಸರಿ ಎಂದು ಯಾರೂ ಹೇಳಿರಲಿಲ್ಲ. ಅಪ್ಪ ಸರಿಯುತ್ತಿದ್ದ, ಅಜ್ಜ ಸರಿಯುತ್ತಿದ್ದ, ಅವನ ಕಾಲುಗಳೂ ತಾವಾಗಿಯೇ ಸರಿದವು. ಖಾಲಿಯಾದ ಪೆಡಲ್ ಮೇಲೆ ಪ್ರತಾಪನ ಬೂಟು ಕೂತಿತು.

ಒಳಗೆ ಗಂಗಾಮಣಿ ಕಿರುಚಿದಳು. ಹೊಸ್ತಿಲಿನ ಮೇಲಿದ್ದ ಸ್ಪ್ರಿಂಗು ತಿರುಚಿಕೊಂಡು ಮೇಲೆದ್ದಿತು.

"ಬುದ್ಧಿ, ಕಾಲು ತೆಗೀರಿ! ಬುದ್ಧಿ!"

"ಇರೋ, ಬಂತು..."

ಕರಿಯಪ್ಪ ಬಗ್ಗಿದ. ಆ ಬೂಟನ್ನು ಹಿಡಿದು ಒಮ್ಮೆ ಎಳೆದಿದ್ದರೆ ಸಾಕಿತ್ತು. ಅವನ ಕೈ ಒಂದು ಗೇಣು ದೂರದಲ್ಲಿ ನಿಂತಿತು. ನಲವತ್ತಾರು ವರ್ಷದಲ್ಲಿ ಆ ಮನೆಯವರ ಮೈಯನ್ನು ಅವನ ಕೈ ಒಮ್ಮೆಯೂ ಮುಟ್ಟಿರಲಿಲ್ಲ, ಈಗಲೂ ಮುಟ್ಟಲಿಲ್ಲ. ನಿಂತ ಕೈಗಳು ಒಂದಕ್ಕೊಂದು ಸೇರಿ ಮುಗಿದುಕೊಂಡವು. ಎರಡನೆಯ ಕಿರುಚಾಟ ಕೇಳಿದ ಮೇಲೆ ಪ್ರತಾಪ್ ತಾನಾಗಿಯೇ ಕಾಲು ತೆಗೆದ.

ಜೀಪು ಸಕಲೇಶಪುರದ ಕಡೆಗೆ ಇಳಿಯುತ್ತಿತ್ತು. ಹಿಂದಿನ ಸೀಟಿನಲ್ಲಿ ಗಂಗಾಮಣಿಯ ಕೈಗೆ ಸುತ್ತಿದ ಟವೆಲ್ಲು ಕೆಂಪಾಗಿತ್ತು. ಅವಳು ಅಣ್ಣನ ಮುಖವನ್ನೇ ನೋಡುತ್ತಿದ್ದಳು.

"ನಾನು ನಿಲ್ಸು ಅಂದ್ನಲ್ಲಣ್ಣ. ನಿಲ್ಸ್‌ದೋನು ಮತ್ತೆ ಯಾಕಣ್ಣ ತುಳಿದೆ?"

ಜೀಪು ಓಡಿಸುತ್ತಿದ್ದ, ಎಸ್ಟೇಟಿನ ಲೆಕ್ಕ ಬರೆಯುವ ರೈಟರ್ ಪ್ರವೀಣ್ ಕನ್ನಡಿಯಲ್ಲಿ ಕರಿಯಪ್ಪನನ್ನು ನೋಡಿದ. ಕರಿಯಪ್ಪ ಕಿಟಕಿಯಾಚೆ ತಿರುಗಿದ.

ಆಸ್ಪತ್ರೆಯ ಬಾಗಿಲಲ್ಲಿ ಪ್ರವೀಣ್ ಅವನ ಕಿವಿಯ ಬಳಿ ಬಗ್ಗಿದ. "ಕೇಳಿದ್ಯಲ್ಲ, ತುಳಿದೋನು ನೀನೇ ಅಂತ ಅವಳೇ ಅಂದ್ಕೊಂಡವ್ಳೆ. ಹಂಗೇ ಇರ್ಲಿ ಮಾರಾಯ. ಅಣ್ಣ ತಂಗಿ ಮಧ್ಯೆ ಕೇಸು ಯಾರು ಹಾಕ್ತಾರೆ? ಇಲ್ಲಾಂದ್ರೆ ಲೈನ್ ಮನೆ ಖಾಲಿ ಮಾಡ್ಬೇಕಾಗ್ತೈತೆ, ನೋಡ್ಕೊ."

ಎರಡು ಬೆರಳು ಉಳಿಯುವುದು ಕಷ್ಟ, ಕಟ್ಟು ಹಾಕಿ ಹಾಸನಕ್ಕೆ ಕಳಿಸುತ್ತೇನೆ ಎಂದರು ಡಾಕ್ಟರ್ ಚೈತ್ರಶ್ರೀ. ನರ್ಸು ಕಟ್ಟು ಹಾಕುವಾಗ ಅವರು ಯಂತ್ರದ ವಿಷಯ ಕೇಳಿಕೊಂಡು, ಪೊಲೀಸ್ ಕೇಸಿನ ರಿಜಿಸ್ಟರು ತೆರೆದರು. "ಪೆಡಲ್ ತುಳಿದದ್ದು ಯಾರು?"

"ಇವನೇ ಮೇಡಂ. ಸ್ವಂತ ಅಣ್ಣ. ಅವಸರಕ್ಕೆ ತುಳಿದ್ಬುಟ್ಟ," ಎಂದ ಪ್ರವೀಣ್.

"ನಾನು ಕೇಳಿದ್ದು ಅವರನ್ನ," ಎಂದರು ಡಾಕ್ಟರ್, ಕರಿಯಪ್ಪನ ಕಡೆ ಪೆನ್ನು ತೋರಿಸಿ.

ಕರಿಯಪ್ಪ ತಂಗಿಯ ಕಡೆ ತಿರುಗಿದ. ಗಂಗಾಮಣಿ ಮಂಚದ ಮೇಲೆ ಕಣ್ಣು ಮುಚ್ಚಿದ್ದಳು.

"ನನ್ನ ಕಾಲಲ್ಲ ಅಮ್ಮ," ಎಂದ. "ಪ್ರತಾಪ್ ಸಾವ್ಕಾರ್ರ ಕಾಲು."

"ಲೋ ಕರಿಯಾ! ತಿಂದ ಮನೆಗೆ..."

"ಮನೆ ನಾಳೇನೇ ಖಾಲಿ ಮಾಡ್ತೀನಿ. ಹೋಗಿ ಹೇಳು. ನೀವು ಬರ್ಕೊಳ್ಳಿ ಅಮ್ಮ. ಇವ್ಳು ನಿಲ್ಸು ಅಂದ್ಲು, ನಾನು ನಿಲ್ಸ್‌ದೆ. ಅವರು ತುಳಿದ್ರು."

ಪ್ರವೀಣ್ ಫೋನು ಒತ್ತುತ್ತ ಹೊರಗೆ ಹೋದ. ಗಂಗಾಮಣಿ ಕಣ್ಣು ಬಿಟ್ಟಳು. ಅಷ್ಟು ನೋವಿನಲ್ಲೂ ಅವಳ ಮುಖ ಒಂದಿಷ್ಟು ಹಗುರಾದಂತೆ ಕಂಡಿತು.

"ಹಂಗಾರೆ ನೀನಲ್ವಾ ಅಣ್ಣ?"

"ನಾನಲ್ಲ ಕಣವ್ವ."

"ನಿನ್ನ ಹೊಡೆದ್ರಾ? ತಳ್ಳಿ ತುಳಿದ್ರಾ?"

ಹೂಂ ಎಂದುಬಿಡಬಹುದಿತ್ತು. ಆ ಒಂದು ಹೂಂಗಾಗಿ ತಂಗಿ ಕಾಯುತ್ತಿದ್ದಳು. ಅವಳು ಅದನ್ನು ನಂಬುತ್ತಿದ್ದಳು.

"ಇಲ್ಲ," ಎಂದ ಕರಿಯಪ್ಪ. "ಹತ್ರ ಬಂದ್ರು. ನಾನೇ ಸರಿದೆ."

"ಬೈದ್ರಾ?"

"ಪಕ್ಕಕ್ಕೆ ಸರಿ ಅಂತ್ಲೂ ಅನ್ನಲಿಲ್ಲ. ನೀನು ಕಿರುಚಿದಾಗ ಬೂಟು ಹಿಡ್ದು ಎಳೆಯಾನ ಅಂತ ಬಗ್ಗಿದೆ. ಮುಟ್ಟಕ್ಕೆ ಕೈ ಬರ್ನಿಲ್ಲ."

ಗಂಗಾಮಣಿ ಕಟ್ಟು ಹಾಕಿದ ಕೈಯನ್ನು ಮೆಲ್ಲಗೆ ಎದೆಗೆ ಎಳೆದುಕೊಂಡು ಗೋಡೆಯ ಕಡೆ ಮಗ್ಗುಲಾದಳು.

ಡಾಕ್ಟರ್ ಚೈತ್ರಶ್ರೀಯವರ ಪೆನ್ನು ನಿಂತಿತ್ತು.

"ಅದನ್ನೂ ಬರ್ಕೊಳ್ಳಿ ಅಮ್ಮ," ಎಂದ ಕರಿಯಪ್ಪ.