ಮೂವತ್ತೇಳು ಅಂದರೆ ನಾರ್ಮಲ್

ಕಾಶಿನಾಥನಿಗೆ ತನ್ನ ಕಿಡ್ನಿಗಳ ಮೇಲೆ ಎಷ್ಟು ಸಿಟ್ಟಿತ್ತೋ ತನ್ನ ಲಿವರಿನ ಮೇಲೆ ಅಷ್ಟೇ ಅಭಿಮಾನವಿತ್ತು. ಎರಡು ಕಿಡ್ನಿಗಳೂ ಕೈಕೊಟ್ಟು, ವಾರದಲ್ಲಿ ಮೂರು ಬೆಳಿಗ್ಗೆ ಬೈಕುಲ್ಲಾದ ತನ್ನ ಹೋಟೆಲು ಬಿಟ್ಟು ಪರೇಲಿನ ಡಯಾಲಿಸಿಸ್ ಸೆಂಟರಿಗೆ ಬಂದು ಮೆಷಿನ್ನಿಗೆ ಕೈಯೊಡ್ಡಿ ಕೂರಬೇಕಾಗಿದ್ದರೂ, ಲಿವರು ಮಾತ್ರ ಮರ್ಯಾದಸ್ಥನ ಲಿವರು ಎಂದು ಅವನು ನಂಬಿದ್ದ. ತಿಂಗಳಿಗೊಮ್ಮೆ ರಕ್ತದ ರಿಪೋರ್ಟು ಬಂದಾಗ ಉಳಿದದ್ದನ್ನೆಲ್ಲ ಬಿಟ್ಟು ನೇರ ಎಸ್‌ಜಿಪಿಟಿಯ ಮೇಲೆ ಬೆರಳಿಡುವನು. ಲಿವರಿಗೆ ಪೆಟ್ಟಾದರೆ ಏರುವ ಅಂಕಿ ಅದು. ನಲವತ್ತರೊಳಗಿದ್ದರೆ ನಾರ್ಮಲ್ ಎಂದು ಪಕ್ಕದಲ್ಲೇ ಅಚ್ಚಾಗಿರುತ್ತದೆ.

"ಮೂವತ್ತೇಳು!" ಎಂದು ಡಯಾಲಿಸಿಸ್ ಹಾಲಿಗೆಲ್ಲ ಕೇಳುವಂತೆ ಓದುವನು. "ಬೀಡಿ ಇಲ್ಲ, ಶರಾಬು ಇಲ್ಲ, ಹೊರಗಿನ ಹುಚ್ಚಾಟ ಇಲ್ಲ. ಸರಿಯಾಗಿ ಬದುಕಿದವನ ಲಿವರು ಹೀಗೇ ಇರುದು ಮಾರಾಯ್ರೆ."

ಮೂಗಿಗೆ ಆಕ್ಸಿಜನ್ ಸಿಕ್ಕಿಸಿಕೊಂಡವರು, ವಾಂತಿಯ ತಟ್ಟೆ ಹಿಡಿದವರು ಎಲ್ಲರೂ ಇದನ್ನು ಕೇಳಬೇಕಿತ್ತು. ಕೇಳದೆ ಎದ್ದು ಹೋಗೋಣವೆಂದರೆ ಅವರ ಕೈಗಳಲ್ಲಿ ಸೂಜಿಗಳಿದ್ದವು.

ಈ ಲಿವರಿನ ಜಂಬಕ್ಕೆ ಇನ್ನೊಂದು ಕಾರಣವೂ ಇತ್ತು. ಹೆಂಡತಿ ಚಂಪಾ ತನ್ನದೊಂದು ಕಿಡ್ನಿ ಅವನಿಗೆ ಕೊಡಲು ಒಪ್ಪಿದ್ದಳು. ರಕ್ತ ಹೊಂದಿತ್ತು. ಎಚ್‌ಐವಿಯಿಂದ ಹಿಡಿದು ಹೃದಯದವರೆಗೆ ಯಾವ ಪರೀಕ್ಷೆಗೆ ಕರೆದರೂ ಅವಳು ಮಾತಾಡದೆ ಹೋಗಿ ತೋಳು ಚಾಚಿ ಬಂದಿದ್ದಳು. ಅವನ ಉಳಿದ ಅಂಗಗಳು ಸರಿಯಿದ್ದರೆ ಚೌತಿ ಕಳೆದ ಮೇಲೆ ಆಪರೇಷನ್ ಎಂದು ದೊಡ್ಡ ಆಸ್ಪತ್ರೆಯವರು ಹೇಳಿದ್ದರು. ಕಾಶಿನಾಥ ಬದುಕಿದ್ದದ್ದೇ ಆ ದಿನಕ್ಕಾಗಿ. ಗಂಟಲು ತಣಿಯುವಷ್ಟು ನೀರು ಕುಡಿಯಬೇಕು, ಬೆಳಗಿನ ಮೊದಲ ಇಡ್ಲಿಯ ಹಬೆಗೆ ಗಲ್ಲಾದ ಮೇಲೆ ತಾನೇ ಇರಬೇಕು, ಇಷ್ಟೇ ಅವನ ಆಸೆ. ಅದಕ್ಕೆ ಅಡ್ಡ ಬರುವ ಯಾರನ್ನೂ ಅವನು ಸಹಿಸುವಂತಿರಲಿಲ್ಲ.

ಸೆಂಟರಿನಲ್ಲಿ ಅವನದು ರಾಜಮರ್ಯಾದೆ. ಅದೇನು ಸುಮ್ಮನೆ ಬಂದದ್ದಲ್ಲ. ಅವನು ಬರುವ ದಿನ ಸ್ಟಾಫಿಗೆಲ್ಲ ಹೋಟೆಲಿನಿಂದ ಇಡ್ಲಿ, ವಡೆ, ದೊಡ್ಡ ಫ್ಲಾಸ್ಕಿನಲ್ಲಿ ಕಾಫಿ ಬರುತ್ತಿತ್ತು. ಹಾಗಾಗಿ ಸಿಸ್ಟರ್ ಲಾವಣ್ಯಾ ಮೊದಲು ಅವನಿಗೇ ಸೂಜಿ ಹಾಕಬೇಕು, ಉಳಿದವರಿಗೆ ಆಮೇಲೆ. ಮಾಟುಂಗದಲ್ಲಿ ಹುಟ್ಟಿ ಬೆಳೆದ ಹುಡುಗಿ, ಕೆಲಸ ಬಲ್ಲವಳೇ. ಆದರೆ ಅವಸರದ ಬೆಳಿಗ್ಗೆಗಳಲ್ಲಿ ಅವನ ಕೈ ಮುಟ್ಟಿದ ಗ್ಲೌಸಿನಲ್ಲೇ ಪಕ್ಕದ ಕುರ್ಚಿಗೆ ದಾಟಿದ್ದೂ ಉಂಟು. ಯಾರೂ ಅದನ್ನು ದೊಡ್ಡದು ಮಾಡಲಿಲ್ಲ.

ಆರು ತಿಂಗಳಿಗೊಮ್ಮೆ ಎಲ್ಲರಿಗೂ ಮತ್ತೊಂದು ರಕ್ತಪರೀಕ್ಷೆ ಇರುತ್ತಿತ್ತು, ಹೆಪಟೈಟಿಸ್ ಸಿ ಎಂಬ ವೈರಸ್ಸಿನದು. ರಕ್ತದಿಂದ ರಕ್ತಕ್ಕೆ ದಾಟಿ ಸದ್ದಿಲ್ಲದೆ ಲಿವರನ್ನು ತಿನ್ನುವ ವೈರಸ್ಸು ಅದು. ಅದರ ಹೆಸರು ಎಚ್‌ಐವಿಯ ಪಕ್ಕದಲ್ಲೇ ಬರೆದಿದ್ದನ್ನು ನೋಡಿ ಕಾಶಿನಾಥನಿಗೆ ಮೈಯೆಲ್ಲ ಉರಿದಿತ್ತು.

"ನನಗೆ ಎಂತಕ್ಕೆ ಇದು? ನಾನು ಅಂಥವನಾ? ಲಿವರ್ ನಾರ್ಮಲ್ ಉಂಟಲ್ಲ. ಒಳಗೆ ರೋಗ ಇದ್ರೆ ಈ ನಂಬರು ಏರುದಿಲ್ವಾ?"

"ಅಂಕಲ್, ರೂಲ್ ಇದೆ ನಾ," ಎಂದಳು ಲಾವಣ್ಯಾ. "ಸಬ್‌ಕೋ ಕರ್ನಾ ಪಡ್ತಾ ಹೈ."

"ಮೊದಲು ವಡೆ ತಿನ್ನು, ಬಿಸಿ ಉಂಟು."

ವಡೆ ಬಿಸಿಯಿತ್ತು, ಲಿವರು ನಾರ್ಮಲ್ ಇತ್ತು. ಪರೀಕ್ಷೆ ಮಾಡದೆಯೇ ಹಿಂದಿನ ಸಲದ 'ನೆಗೆಟಿವ್' ಈ ಸಲದ ರಿಪೋರ್ಟಿಗೂ ಹಾಗೇ ಇಳಿಯಿತು. ಆ ಹಿಂದಿನ ಸಲದ್ದೂ ಅದರ ಹಿಂದಿನದರ ನಕಲೇ. ತಾನು ಒಂದು ಅವಮಾನ ತಪ್ಪಿಸಿಕೊಂಡೆ ಎಂದು ಕಾಶಿನಾಥ ಕಣ್ಣು ಮುಚ್ಚಿ ನಿದ್ದೆಹೋದ.

ಪಕ್ಕದ ಕುರ್ಚಿಯವನು ಭೀಮರಾಯ. ಯಾದಗಿರಿ ಕಡೆಯವನು, ಪರೇಲಿನ ಒಂದು ಟವರಿನಲ್ಲಿ ವಾಚ್‌ಮನ್. ಬೆಳಿಗ್ಗೆ ಡಯಾಲಿಸಿಸ್ ಮುಗಿಸಿ, ಕೈಗೆ ಪಟ್ಟಿ ಕಟ್ಟಿಕೊಂಡೇ ಮಧ್ಯಾಹ್ನದ ಡ್ಯೂಟಿಗೆ ನಡೆದು ಹೋಗುತ್ತಿದ್ದ. ಸೆಂಟರಿಗೆ ಸೇರಿ ಒಂದು ವರ್ಷವಾಗಿತ್ತು. ಸೇರುವಾಗ ಅವನ ಎಲ್ಲ ಪರೀಕ್ಷೆಗಳೂ ನೆಗೆಟಿವ್ ಇದ್ದವು. ಈ ಸಲದ್ದು ಪಾಸಿಟಿವ್ ಬಂತು.

ಅಂಥವರಿಗೆಂದು ಕಾರಿಡಾರಿನ ಕೊನೆಗೆ ಬೇರೆ ಕೋಣೆಯಿತ್ತು, ಬೇರೆ ಮೆಷಿನ್ನುಗಳಿದ್ದವು. ಎಲ್ಲರೂ ಅದನ್ನು ಸಿ ರೂಮ್ ಎನ್ನುತ್ತಿದ್ದರು, ಕಾಶಿನಾಥ ಮಾತ್ರ ಹೆಸರೆತ್ತದೆ 'ಅದು' ಎನ್ನುತ್ತಿದ್ದ. ಆ ಕೋಣೆ ತುಂಬಿತ್ತು. ಜಾಗ ಖಾಲಿಯಾಗುವವರೆಗೆ ಹಾಲಿನ ಮೂಲೆಯಲ್ಲಿ ಒಂದು ಮೆಷಿನ್ನನ್ನು ಭೀಮರಾಯನಿಗೇ ಮೀಸಲಿಟ್ಟು, ಬೇರೆ ಸಿಸ್ಟರಿನಿಂದ ನೋಡಿಸಿದರೆ ಸಾಕು, ಯಾರಿಗೂ ಅಪಾಯವಿಲ್ಲ ಎಂದು ಲಾವಣ್ಯಾ ಹೇಳಿದಳು. ಕಾಶಿನಾಥ ಅವಳ ಮಾತಿನ ಅರ್ಧಕ್ಕೇ ಎದ್ದು ಕೂತ.

"ನನ್ನ ಆಪರೇಷನ್ ಉಂಟು. ಇವನದ್ದು ನನಗೆ ಹತ್ತಿದ್ರೆ ಯಾರು ಜವಾಬ್ದಾರಿ? ಎಲ್ಲಿ ಕುಡಿದು ಎಲ್ಲಿ ಬಿದ್ದಿದ್ದನೋ!"

ಭೀಮರಾಯ ತನ್ನ ರಿಪೋರ್ಟನ್ನು ಎತ್ತಿ ಹಿಡಿದ. ಅವನಿಗೆ ಸಿಟ್ಟು ಬಂದಿರಲಿಲ್ಲ, ನಿಜವಾಗಿಯೂ ಅರ್ಥವಾಗಿರಲಿಲ್ಲ.

"ನಾ ಕುಡಿಯಾಂವ ಅಲ್ರಿ ಸರ. ನಿಮ್ಮದು ಮೂವತ್ತೇಳು ಅದ, ನಂದು ಇಪ್ಪತ್ತಾರು ಅದ. ನಿಮಗಿಂತ ಕಡಿಮಿನೇ ಅದ ನೋಡ್ರಿ. ಹಂಗಾದ್ರ ಬ್ಯಾನಿ ನನಗ್ಯಾಕ ಬಂತು?"

ಲಾವಣ್ಯಾ ಎರಡೂ ಅಂಕಿಗಳನ್ನು ನೋಡಿ, ರಿಪೋರ್ಟನ್ನು ಮಡಚಿ ಫೈಲಿಗೆ ಸೇರಿಸಿದಳು. ಅವತ್ತೇ ಮಧ್ಯಾಹ್ನ ಕಾಶಿನಾಥ ಸೆಂಟರಿನ ಟ್ರಸ್ಟಿಯೊಬ್ಬರಿಗೆ ಫೋನು ಮಾಡಿದ. ಮಾಟುಂಗದ ಕನ್ನಡಿಗರ ಸಂಘದ ಊಟಗಳಿಗೆಲ್ಲ ಎಲೆಗಟ್ಟಲೆ ಬಡಿಸಿದ ಪರಿಚಯ, ಮಾತು ನಡೆಯಿತು. ಭೀಮರಾಯನಿಗೆ ಲೋಕಲ್ ರೈಲಿನಲ್ಲಿ ಒಂದು ಗಂಟೆ ದೂರದ ಕಲ್ಯಾಣದ ಒಂದು ಸೆಂಟರಿನಲ್ಲಿ ಸಂಜೆಯ ಜಾಗ ನೋಡಿಕೊಟ್ಟರು. ಕೊನೆಯ ದಿನ ಅವನು ಕುರ್ಚಿಯಿಂದ ಕುರ್ಚಿಗೆ ಹೋಗಿ ಎಲ್ಲರಿಗೂ ಕೈಮುಗಿದ. ಕಾಶಿನಾಥ ಚಾದರವನ್ನು ಮುಖದ ಮೇಲೆ ಎಳೆದುಕೊಂಡ.

"ಪಾಪದವನನ್ನು ಓಡಿಸಿದಿರಿ," ಎಂದಳು ಚಂಪಾ ಮನೆಯಲ್ಲಿ. "ಅವ ನಿಮಗೆ ಎಂತ ಮಾಡಿದ್ದ?"

"ನಿನ್ನ ಕಿಡ್ನಿ ಹಾಳಾಗಬಾರದು ಅಂತ ಮಾಡಿದ್ದು," ಎಂದ ಅವನು.

ಚೌತಿಗೆ ಮುಂಚೆ ದೊಡ್ಡ ಆಸ್ಪತ್ರೆಯವರು ಅವನ ಪರೀಕ್ಷೆಗಳನ್ನೆಲ್ಲ ತಾವೇ ಹೊಸದಾಗಿ ಮಾಡಿಸಿದರು. ಅಲ್ಲಿ ಅವನ ಇಡ್ಲಿ ವಡೆ ಯಾರೂ ತಿಂದಿರಲಿಲ್ಲ, ಆದ್ದರಿಂದ ಆ ಪರೀಕ್ಷೆಯೂ ಆಯಿತು. ಡಾಕ್ಟರ್ ಜ್ಯೋತ್ಸ್ನಾ ಮಂಗಳೂರು ಕಡೆಯವರು, ಗಂಡ ಹೆಂಡತಿ ಇಬ್ಬರನ್ನೂ ಕೂರಿಸಿಕೊಂಡು ಕನ್ನಡದಲ್ಲೇ ಹೇಳಿದರು.

"ಹೆಪಟೈಟಿಸ್ ಸಿ ಪಾಸಿಟಿವ್ ಉಂಟು. ಅದು ಮಾತ್ರ ಆಗಿದ್ರೆ ತೊಂದರೆ ಇರ್ಲಿಲ್ಲ, ಈಗ ಒಳ್ಳೆ ಮಾತ್ರೆ ಉಂಟು, ವೈರಸ್ ಹೋಗ್ತದೆ. ಆದ್ರೆ ನಿಮ್ಮ ಲಿವರ್ ಗಟ್ಟಿಯಾಗಿ ಹೋಗಿದೆ. ಸಿರೋಸಿಸ್. ಈ ಲಿವರ್ ಇಟ್ಕೊಂಡು ಬರೀ ಕಿಡ್ನಿ ಹಾಕ್ಲಿಕ್ಕೆ ಆಗುದಿಲ್ಲ."

ಕಾಶಿನಾಥ ನಕ್ಕ. ಯಾರದೋ ರಿಪೋರ್ಟು ಅದಲುಬದಲಾಗಿದೆ ಎಂದು ಅವನಿಗೆ ಖಾತ್ರಿಯಿತ್ತು.

"ಇಲ್ಲ ಡಾಕ್ಟ್ರೆ. ನಂದು ಮೂವತ್ತೇಳು. ಯಾವಾಗಲೂ ನಾರ್ಮಲ್."

"ಆ ನಲವತ್ತು ಅನ್ನುದು ಕಿಡ್ನಿ ಸರಿ ಇದ್ದವರ ಲೆಕ್ಕ," ಎಂದರು ಜ್ಯೋತ್ಸ್ನಾ. "ಡಯಾಲಿಸಿಸ್‌ನವರಲ್ಲಿ ಈ ನಂಬರು ಕೆಳಗೇ ಇರ್ತದೆ. ಲಿವರ್ ಒಳಗಿಂದ ಹಾಳಾಗ್ತಾ ಇದ್ರೂ ಏರುದಿಲ್ಲ. ನಿಮ್ಮಂಥವರಿಗೆ ಇಪ್ಪತ್ತು ದಾಟಿದ್ರೇ ನಾವು ಸಂಶಯ ಪಡ್ಬೇಕು. ಅದಕ್ಕೇ ಸಿ ಟೆಸ್ಟನ್ನು ಬೇರೆಯೇ ಮಾಡುದು, ನಾರ್ಮಲ್ ಇದ್ರೂ ಮಾಡುದು. ನಿಮಗೆ ಮಾಡ್ತಾ ಇರ್ಲಿಲ್ವಾ?"

ಅವನು ಆ ಪ್ರಶ್ನೆಯನ್ನು ಕೇಳಿಸಿಕೊಳ್ಳಲಿಲ್ಲ. "ಪಕ್ಕದ ಕುರ್ಚಿಯಲ್ಲಿ ಒಬ್ಬ ಇದ್ದ. ಅವನಿಂದಲೇ ಬಂತು. ನಾನು ಆಗಲೇ ಹೇಳಿದ್ದೆ!"

"ಅವರು ಬಂದು ಎಷ್ಟು ಸಮಯ ಆಯ್ತು?"

"ಒಂದು ವರ್ಷ," ಎಂದಳು ಚಂಪಾ. "ಬರುವಾಗ ಅವನಿಗೆ ಇದು ಇರ್ಲಿಲ್ಲ. ಲಾವಣ್ಯಾ ಹೇಳಿದ್ದಳು."

ಡಾಕ್ಟರು ಸ್ಕ್ಯಾನನ್ನು ಇನ್ನೊಮ್ಮೆ ನೋಡಿದರು. "ಇದು ಒಂದು ವರ್ಷದ್ದಲ್ಲ. ತುಂಬ ಹಳೇದು. ಅವರಿಂದ ನಿಮಗೆ ಬಂದದ್ದಲ್ಲ."

ಹಾಗಾದರೆ ಯಾರಿಂದ ಯಾರಿಗೆ ಎಂಬುದನ್ನು ಅವರು ಹೇಳಲಿಲ್ಲ. ಹೇಳುವ ಅಗತ್ಯವೂ ಇರಲಿಲ್ಲ. ಟ್ಯಾಕ್ಸಿಯಲ್ಲಿ ಚಂಪಾ ಇಡೀ ದಾರಿ ಕಿಟಕಿಯ ಹೊರಗೆ ನೋಡುತ್ತಿದ್ದಳು. ಕೊಡಲೆಂದು ತಿಂಗಳುಗಟ್ಟಲೆ ಕಾಪಾಡಿಕೊಂಡಿದ್ದ ಕಿಡ್ನಿ ಅವಳ ಹೊಟ್ಟೆಯಲ್ಲೇ ಉಳಿಯಿತು. ತನಗೆ ದುಃಖವಾಗಿದೆಯೋ ಬಿಡುಗಡೆಯಾಗಿದೆಯೋ ಅವಳಿಗೇ ತಿಳಿಯಲಿಲ್ಲ, ಅದಕ್ಕೇ ಅಳು ಬಂತು.

ತುಂಬಿದ್ದ ಸಿ ರೂಮಿನಲ್ಲಿ ಕಾಶಿನಾಥನಿಗೆ ಮರುದಿನವೇ ಜಾಗವಾಯಿತು. ಟ್ರಸ್ಟಿಗೆ ಇನ್ನೊಂದು ಫೋನು, ಅಷ್ಟೆ. ಅಲ್ಲಿ ಕೂತು, ಎಡಬಲದವರು ಕೇಳುವ ಮೊದಲೇ ಅವನು ಹೇಳಿಕೊಳ್ಳತೊಡಗಿದ. "ನನಗೆ ಇದು ಹೊರಗಿನದ್ದು. ಭೀಮರಾಯ ಅಂತ ಒಬ್ಬ ಇದ್ದ, ಅವನಿಂದ ಬಂತು. ಆಪರೇಷನ್ ತಯಾರಾಗಿತ್ತು, ಎಲ್ಲ ಹಾಳು ಮಾಡಿ ಹೋದ." ಮೊದಲ ಸಲ ಹೇಳುವಾಗ ನಾಲಿಗೆ ಸ್ವಲ್ಪ ತಡೆಯಿತು. ಆಮೇಲೆ ಸಲೀಸಾಯಿತು. ಹೇಳುತ್ತ ಹೇಳುತ್ತ ಅವನಿಗೇ ಅದು ನಿಜವೆನ್ನಿಸಿತು, ಭೀಮರಾಯನ ಮೇಲೆ ಪ್ರಾಮಾಣಿಕವಾಗಿಯೇ ಸಿಟ್ಟು ಬರತೊಡಗಿತು. ಸಿ ರೂಮಿನಿಂದ ಮಾತು ಹಾಲಿಗೆ ಹೋಯಿತು, ಹಾಲಿನಿಂದ ಭೀಮರಾಯನ ಟವರಿನವರೆಗೂ ಹೋಯಿತು.

ದಸರೆ ಹತ್ತಿರವಿದ್ದಾಗ ಒಂದು ಮಧ್ಯಾಹ್ನ, ಊಟದ ಗದ್ದಲ ಇಳಿದ ಹೊತ್ತಿನಲ್ಲಿ, ಒಬ್ಬ ಹೆಂಗಸು ಹೋಟೆಲಿನ ಬಾಗಿಲಲ್ಲಿ ಬಂದು ನಿಂತಳು. ಇಳಕಲ್ ಸೀರೆ, ಬರಿಗೊರಳು, ಬರಿಹಣೆ. ಕಾಶಿನಾಥ ಗಲ್ಲಾದಲ್ಲಿದ್ದ, ಚಂಪಾ ಪಕ್ಕದ ಮೇಜಿನಲ್ಲಿ ಬಾಳೆಎಲೆ ಒರೆಸುತ್ತಿದ್ದಳು.

"ಕಾಶಿನಾಥ ಸಾಹೇಬ್ರು ನೀವೇ ಏನ್ರಿ? ನಾ ಮಲ್ಲಕ್ಕ ರೀ. ಭೀಮರಾಯನ ಹೇಣ್ತಿ."

ಚಂಪಾ ಎದ್ದು ಕುರ್ಚಿ ಎಳೆದು ಕೊಟ್ಟಳು. ಮಲ್ಲಕ್ಕ ಕೂರಲಿಲ್ಲ.

"ಅವ್ರು ಹೋಗಿಬಿಟ್ರು ರೀ. ಕಲ್ಯಾಣದ್ದು ಸಂಜಿ ಪಾಳಿ, ಇತ್ಲಾಗ ಡ್ಯೂಟಿ ಬಿಟ್ರ ಕೆಲಸ ಹೋಗ್ತದ. ಒಂದಿನ ಹೋದ್ರು, ಒಂದಿನ ತಪ್ಪಿಸಿದ್ರು. ಎದಿಯಾಗ ನೀರು ತುಂಬ್ತು ರೀ. ಗೇಟಿನ ಮುಂದ ಕುಂತಾವ್ರು ಕುಂತಲ್ಲೇ ಜೀವಾ ಬಿಟ್ರು."

ಕಾಶಿನಾಥ ಗಲ್ಲಾದ ಅಂಚನ್ನು ಹಿಡಿದುಕೊಂಡ. ಜಗಳಕ್ಕೇ ಬಂದಿದ್ದಾಳೆ ಎಂದು ಅವನು ಮೈಯೆಲ್ಲ ಬಿಗಿ ಮಾಡಿಕೊಂಡಿದ್ದ. ಬೈದರೆ ತಿರುಗಿ ಬೈಯಲು ಮಾತು ಸಿದ್ಧವಿತ್ತು. ಬಂದದ್ದು ಬೇರೆಯೇ ಮಾತು.

"ನಮ್ಮವರ ಬ್ಯಾನಿ ನಿಮಗ ಹತ್ತಿ ನಿಮ್ಮ ಆಪರೇಷನ್ ನಿಂತು ಹೋತಂತ ಅಲ್ಲಿ ಮಂದಿ ಅಂದ್ರು ರೀ. ಅವ್ರಿಗೂ ಗೊತ್ತಾಗಿತ್ತು. ಸಾಯೂತನಕ ಅದೇ ಮನಸಿಗಿ ಹಚಗೊಂಡಿದ್ರು. ಆ ಸಾಹೇಬ್ರ ಮನಿ ಹಾಳ ಮಾಡಿದೆ ಮಲ್ಲಿ, ನೀ ಹೋಗಿ ಕಾಲಿಗಿ ಬೀಳು ಅಂದ್ರು. ಬೇಕಂತ ಮಾಡಿದ್ದಲ್ರಿ. ಮಾಫ್ ಮಾಡೀನಿ ಅಂತ ಒಂದು ಮಾತು ಅನ್ರಿ. ಅವರ ಜೀವಕ್ಕ ಸಮಾಧಾನ ಆಗ್ತದ."

ಚಂಪಾ ಒರೆಸುತ್ತಿದ್ದ ಎಲೆಯನ್ನು ಕೆಳಗಿಟ್ಟು ಗಂಡನ ಮುಖವನ್ನೇ ನೋಡಿದಳು. ನಿಜ ಹೇಳಲು ಅವನಿಗೆ ಬೇಕಾದಷ್ಟು ಸಮಯವಿತ್ತು. ಗಿರಾಕಿಗಳಿರಲಿಲ್ಲ, ಯಾರ ಅಂಜಿಕೆಯೂ ಇರಲಿಲ್ಲ, ಬಾಯಿ ತೆರೆದರೆ ಒಂದೇ ವಾಕ್ಯದ ಕೆಲಸ. ಆ ವಾಕ್ಯ ಅವನ ಗಂಟಲಿನವರೆಗೆ ಬಂದಿತ್ತು ಎನ್ನುವುದೂ ನಿಜ. ಆದರೆ ಅದನ್ನು ಹೇಳಿದ ಮೇಲೆ ತಾನು ಯಾರು ಎಂಬುದನ್ನು ಅವನು ಹೊಸದಾಗಿ ಕಲಿಯಬೇಕಿತ್ತು.

"ಮಾಡಿದ್ದೇನೆ," ಎಂದ ಕಾಶಿನಾಥ. "ಮಾಫ್ ಮಾಡಿದ್ದೇನಮ್ಮಾ. ಅವನ ತಪ್ಪಲ್ಲ, ನನ್ನ ಹಣೆಬರಹ."

ಮಲ್ಲಕ್ಕ ಗೊಳೋ ಎಂದು ಅತ್ತು, ಗಲ್ಲಾದ ಹಿಂದೆ ಬಂದು ಬಗ್ಗಿ ಅವನ ಎರಡೂ ಪಾದ ಮುಟ್ಟಿ ಕಣ್ಣಿಗೊತ್ತಿಕೊಂಡಳು. ಅವನು ಕಾಲು ಹಿಂದೆಳೆದುಕೊಳ್ಳಲಿಲ್ಲ.

"ದೊಡ್ಡ ಮನಸ್ಸು ರೀ ನಿಮ್ಮದು," ಎಂದು ಹೇಳಿ ಅವಳು ಸೆರಗಿನಿಂದ ಮುಖ ಒರೆಸಿಕೊಂಡು ಸ್ಟೇಷನ್ನಿನ ಕಡೆ ನಡೆದಳು. ಚಂಪಾ ಗಂಡನ ಕಡೆ ನೋಡಲೂ ಇಲ್ಲ. ಚಪ್ಪಲಿ ಮೆಟ್ಟಿಕೊಂಡು ಅವಳ ಹಿಂದೆಯೇ ಹೊರಟಳು.

"ಎಲ್ಲಿಗೆ?" ಎಂದು ಕಾಶಿನಾಥ ಕೂಗಿದ. ಅವನ ದನಿಯಲ್ಲಿ ಭಯವಿತ್ತು.

ಚಂಪಾ ಅಷ್ಟರಲ್ಲಿ ಮಲ್ಲಕ್ಕನ ತೋಳು ಹಿಡಿದು ನಿಲ್ಲಿಸಿದ್ದಳು.