ಹರಿಹರದ ಹಸಿರು ಚುಕ್ಕಿ

ನಿನ್ನ ಕೆಲಸ ಏನು ಎಂದು ಯಾರಾದರೂ ಕೇಳಿದರೆ, ಮೂರು ಯಂತ್ರಗಳ ಕ್ಷೇಮ ವಿಚಾರಿಸುವುದು ಎನ್ನುತ್ತೇನೆ. ಕೇಳಿದವರು ನಗುತ್ತಾರೆ. ನಾನು ತಮಾಷೆ ಮಾಡಿರುವುದಿಲ್ಲ. ದಾವಣಗೆರೆ, ಹರಿಹರದ ಸಣ್ಣ ಸ್ಕ್ಯಾನ್ ಸೆಂಟರುಗಳು ತೆಗೆದ ಚಿತ್ರಗಳನ್ನು ನಮ್ಮ ಕಂಪನಿ ಕಾಯ್ದಿಡುತ್ತದೆ. ಕಂಪನಿ ಎಂದರೆ ದೇವರಾಜ ಅರಸು ಬಡಾವಣೆಯಲ್ಲಿ ಒಂದು ಮಹಡಿ, ಮಾಲೀಕರಾದ ಅಂಜನ್ ಕುಮಾರ್, ಮತ್ತು ಆಶಾರಾಣಿ ಎಂಬ ನಾನು. ಒಂದು ಯಂತ್ರ ನಮ್ಮಲ್ಲೇ ಇದೆ. ಇನ್ನೊಂದು ಹರಿಹರದಲ್ಲಿ, ಇಜಾಜ್ ಭಾಯ್ ಅವರ ಸ್ಕ್ಯಾನ್ ಸೆಂಟರಿನಲ್ಲಿ. ಮತ್ತೊಂದು ಗುತ್ತೂರಿನಲ್ಲಿ, ನಿಂಗರಾಜ್ ಅವರ ಕಾರ್ಖಾನೆಯ ಆಫೀಸಿನಲ್ಲಿ. ಯಾವ ಚಿತ್ರ ಬಂದರೂ ಮೂರರಲ್ಲಿ ಎರಡು ಕಡೆ ಅದರ ಪ್ರತಿ ಇರಬೇಕು. ಒಂದು ಕಡೆ ಹಾಳಾದರೆ ಇನ್ನೊಂದು ಕಡೆಯಿಂದ ಅವೇ ಮತ್ತೆ ಪ್ರತಿ ಮಾಡಿಕೊಳ್ಳುತ್ತವೆ.

ಪ್ರತಿ ಯಂತ್ರಕ್ಕೂ ತನ್ನ ಸ್ಥಿತಿ ಹೇಳುವ ಒಂದು ಪುಟವಿತ್ತು. ಬೆಳಿಗ್ಗೆ ಚಹಾ ಕುಡಿಯುತ್ತ ಮೂರನ್ನೂ ತೆರೆದು ಓದುತ್ತಿದ್ದೆ. ಬಣ್ಣ, ಗೆರೆ, ನಡುವೆ ಒಂದು ವಾಕ್ಯ. ಮನುಷ್ಯರು ಓದಲೆಂದೇ ಮಾಡಿದ್ದು. ನಾನು ರಜೆ ಹಾಕಿದ ದಿನ ಓದುವವರೇ ಇರುತ್ತಿರಲಿಲ್ಲ. ಇನ್ನು ಮೇಲೆ ಇದನ್ನು ಪ್ರೋಗ್ರಾಮೇ ಓದಲಿ, ಹಗಲೂ ರಾತ್ರಿ ಓದಲಿ, ಅದಕ್ಕೆ ತಿಳಿಯುವಂಥ ಇನ್ನೊಂದು ಪುಟ ಮಾಡು ಎಂದು ಅಂಜನ್ ಕುಮಾರ್ ಹೇಳಿದರು.

ಸುಲಭದ ಕೆಲಸ ಎಂದುಕೊಂಡು ಕೂತೆ. ಕೂತ ಮೇಲೆ ಕುತೂಹಲ ಹಿಡಿಯಿತು. ಪ್ರೋಗ್ರಾಮಿಗೆ ಬಣ್ಣ ಕಾಣುವುದಿಲ್ಲ, ಮಾತಿನ ಧಾಟಿ ತಿಳಿಯುವುದಿಲ್ಲ. 'ಸ್ವಲ್ಪ ನಿಧಾನ, ಆದರೂ ಪರವಾಗಿಲ್ಲ' ಎಂದರೆ ಅದು ಏನೆಂದು ತಿಳಿದುಕೊಳ್ಳಬೇಕು? ಒಂದೊಂದು ಸಂಗತಿಗೂ ಒಂದು ಹೆಸರು, ಎದುರಿಗೆ ಒಂದು ಉತ್ತರ, ಅಷ್ಟೇ ಅದಕ್ಕೆ ಬೇಕಾದದ್ದು. ಹಾಗಾದರೆ ಯಾವ ಸಂಗತಿ ಕೇಳಬೇಕು? ಹೇಗಿದ್ದೀಯಾ ಎಂದು ನೇರವಾಗಿ ಕೇಳಿ ಪ್ರಯೋಜನವಿಲ್ಲ. ನಮ್ಮ ಕಡೆ ಜ್ವರದಲ್ಲಿ ನಡುಗುತ್ತಿರುವವರನ್ನು ಕೇಳಿದರೂ ಆರಾಮ್ ಎಂದೇ ಹೇಳುತ್ತಾರೆ. ಜಾಗ ಎಷ್ಟು ಉಳಿದಿದೆ, ಡಿಸ್ಕು ಎಷ್ಟು ಬಿಸಿಯಾಗಿದೆ, ನಿನ್ನ ಹತ್ತಿರ ಇರುವ ಚಿತ್ರಗಳನ್ನು ಕೊನೆಯ ಸಲ ತೆರೆದು ನೋಡಿದ್ದು ಯಾವಾಗ ಎಂದು ಸುತ್ತಿ ಬಳಸಿ ಕೇಳಬೇಕು. ಹೆಣ್ಣು ನೋಡಲು ಬಂದಾಗ ನಮ್ಮತ್ತೆ ನನ್ನನ್ನು ವಿಚಾರಿಸಿದ್ದೂ ಹೀಗೆಯೇ ಎಂದು ನೆನಪಾಗಿ ಒಬ್ಬಳೇ ನಕ್ಕೆ.

ಹೊಸ ಪುಟಗಳನ್ನು ಓದಿದ ಪ್ರೋಗ್ರಾಮು ಎಲ್ಲ ಸೆಂಟರಿನವರ ಫೋನಿಗೂ ಮೂರು ಚುಕ್ಕಿ ಕಳಿಸುತ್ತಿತ್ತು: ಯಂತ್ರ ಆರಾಮಿದ್ದರೆ ಹಸಿರು, ಇಲ್ಲದಿದ್ದರೆ ಕೆಂಪು. ಅಲ್ಲಿಂದ ಶುರುವಾಯಿತು ಇಜಾಜ್ ಭಾಯ್ ಕಾಟ. ಹರಿಹರದಲ್ಲಿ ರಸ್ತೆ ಅಗೆಯುತ್ತಿದ್ದರು. ಕೇಬಲ್ ತುಂಡಾಗಿ ಲೈನು ಹೋಗುತ್ತಿತ್ತು, ಸ್ವಲ್ಪ ಹೊತ್ತಿಗೆ ಬರುತ್ತಿತ್ತು. ಅಷ್ಟರಲ್ಲಿ ಅವರ ಚುಕ್ಕಿ ಕೆಂಪಾಗಿ, ಬೇರೆ ಸೆಂಟರಿನವರೆಲ್ಲ ನೋಡಿ, ಏನ್ ಭಾಯ್ ಮತ್ತೆ ಮಲಗಿತಾ ಎಂದು ಕಾಡಿಸುತ್ತಿದ್ದರಂತೆ. ಆಮೇಲೆ ನನಗೆ ಫೋನು. ಅವರು ಬಯ್ದಿದ್ದರೆ ನಾನೂ ಬಯ್ಯಬಹುದಿತ್ತು, ಆ ವಿದ್ಯೆ ನನಗೆ ಚೆನ್ನಾಗಿ ಬರುತ್ತದೆ. ಅವರು ಮರ್ಯಾದೆ ಪ್ರಶ್ನೆ ಮೇಡಂ ಎಂದು ಮೆಲ್ಲಗೆ ಹೇಳುತ್ತಿದ್ದರು. ಕೊನೆಗೆ ದಾಕ್ಷಿಣ್ಯಕ್ಕೆ ಸಿಕ್ಕಿ ಪ್ರೋಗ್ರಾಮಿಗೆ ಒಂದು ಸಾಲು ಸೇರಿಸಿದೆ: ಯಂತ್ರ ಉತ್ತರ ಕೊಡದಿದ್ದರೆ, ಅದು ಹಿಂದೆ ಕೊಟ್ಟ ಉತ್ತರವನ್ನೇ ಇಟ್ಟುಕೋ. ಎದುರಿಗೆ ಇಲ್ಲದವರ ಬಗ್ಗೆ ಕೆಟ್ಟ ಮಾತು ಯಾಕೆ ಎಂಬ ಲೆಕ್ಕ. ಹರಿಹರದ ಚುಕ್ಕಿ ಹಸಿರಾಗಿ ನಿಂತಿತು, ಫೋನುಗಳೂ ನಿಂತವು.

ಮಳೆಗಾಲ ಮುಗಿಯುವ ಹೊತ್ತಿಗೆ ಇಜಾಜ್ ಭಾಯ್ ಅವರ ತಾಯಿ ದಿಲ್ಷಾದ್ ಬೇಗಂಗೆ ಕೆಮ್ಮು ಹಿಡಿಯಿತು. ಬಿಡದೇ ಇದ್ದಾಗ ದಾವಣಗೆರೆಯ ಆಸ್ಪತ್ರೆಯೊಂದಕ್ಕೆ ಸೇರಿಸಿದರು. ಅಲ್ಲಿ ಸ್ಕ್ಯಾನ್ ಮಾಡಿದರೆ ಶ್ವಾಸಕೋಶದಲ್ಲಿ ಒಂದು ಸಣ್ಣ ಗಂಟು. ಮೂರು ವರ್ಷದ ಹಿಂದೆ ಜ್ವರ ಬಂದಾಗ ಮಗನ ಸೆಂಟರಿನಲ್ಲೇ ಅವರಿಗೆ ಸ್ಕ್ಯಾನ್ ಆಗಿತ್ತು. ಆ ಚಿತ್ರ ತನ್ನಿ ಎಂದರು ಡಾಕ್ಟರು. ಗಂಟು ಆಗಲೂ ಇಷ್ಟೇ ಇದ್ದರೆ ಹಾಗೇ ಬಿಡಬಹುದು. ಬೆಳೆದಿದ್ದರೆ, ಅಥವಾ ಹಳೆಯ ಚಿತ್ರವೇ ಸಿಗದಿದ್ದರೆ, ಎದೆಗೆ ಸೂಜಿ ಹಾಕಿ ತುಣುಕು ತೆಗೆಯಬೇಕು. ಎಪ್ಪತ್ತು ದಾಟಿದ ಜೀವ, ಮೇಲೆ ಸಕ್ಕರೆ ಕಾಯಿಲೆ, ಉಸಿರಿನ ತೊಂದರೆ. ಸೂಜಿಯೇ ಅಪಾಯ ಎಂದು ಡಾಕ್ಟರೇ ಹೇಳಿದರು. ಮನೆಯಲ್ಲಿದ್ದ ಹಳೆಯ ಫಿಲ್ಮನ್ನು ಮೊಮ್ಮಕ್ಕಳು ಗ್ರಹಣ ನೋಡಲು ಒಯ್ದು ಎಲ್ಲೋ ಕಳೆದಿದ್ದರು. ಸ್ಕ್ಯಾನ್ ಮಾಡುವ ಮಷೀನಿನಲ್ಲಿ ಅಷ್ಟು ಹಳೆಯದು ಉಳಿಯುವುದಿಲ್ಲ. ಉಳಿದದ್ದು ನಮ್ಮ ಯಂತ್ರಗಳು.

ಇಜಾಜ್ ಭಾಯ್ ಫೋನು ಮಾಡಿದಾಗ ಮೂರು ಚುಕ್ಕಿಯೂ ಹಸಿರಾಗಿದ್ದವು. ಈಗಲೇ ಕಳಿಸುತ್ತೇನೆ ಎಂದು ಧೈರ್ಯವಾಗಿ ಹೇಳಿ ಯಂತ್ರಗಳನ್ನು ಚಿತ್ರ ಕೇಳಿದೆ. ಬರಲಿಲ್ಲ. ಅದರ ಪ್ರತಿಗಳು ಗುತ್ತೂರು, ಹರಿಹರ ಎರಡು ಕಡೆ ಇರಬೇಕಿತ್ತು. ಗುತ್ತೂರಿನ ಡಿಸ್ಕು ಹಿಂದಿನ ತಿಂಗಳು ಕೆಟ್ಟಿತ್ತು. ಕೆಟ್ಟಿದ್ದೇನೆ ಎಂದು ಅದು ಬಾಯಿಬಿಟ್ಟು ಹೇಳಿತ್ತು, ನಿಂಗರಾಜ್ ಹೊಸದು ಹಾಕಿಸಿದ್ದರು. ಹೊಸ ಡಿಸ್ಕನ್ನು ಹರಿಹರದ ಪ್ರತಿಗಳಿಂದ ತುಂಬಬೇಕಾಗಿತ್ತು. ಆ ಕೆಲಸ ಅರ್ಧಕ್ಕೇ ನಿಂತಿದೆ. ಹರಿಹರ ಆರಾಮಿದೆಯಲ್ಲ, ಇವತ್ತಲ್ಲ ನಾಳೆ ಕೊಡುತ್ತದೆ ಎಂದು ಪ್ರೋಗ್ರಾಮು ಸುಮ್ಮನೆ ಕಾಯುತ್ತಿದೆ. ಹರಿಹರದ ಪುಟವನ್ನೇ ತೆರೆಯಲು ಹೋದೆ. ಪುಟ ಬರಲೇ ಇಲ್ಲ. ಆ ಯಂತ್ರ ಮಾತಾಡಿ ಎಷ್ಟೋ ದಿನವಾಗಿತ್ತು. ಅದರ ಬಾಯಿಗೆ ಆರಾಮ್ ಎಂಬ ಮಾತು ಇಟ್ಟವಳು ನಾನು. ದಾಕ್ಷಿಣ್ಯಕ್ಕೆ ಬಸಿರಾದರೆ ಹೆರುವುದಕ್ಕೆ ಜಾಗವಿಲ್ಲ ಎಂದು ನಮ್ಮಜ್ಜಿ ಹೇಳುತ್ತಿದ್ದಳು.

ಫೋನಿನಲ್ಲಿ ಹೇಳುವ ಮಾತಲ್ಲ ಎಂದು ಆಸ್ಪತ್ರೆಗೇ ಹೋದೆ. ಇಜಾಜ್ ಭಾಯ್ ವಾರ್ಡಿನ ಹೊರಗೆ ಬಂದು ಮೊದಲು ಬಾಗಿಲು ಎಳೆದುಕೊಂಡರು. ಅಮ್ಮಿಗೆ ಗಂಟಿನ ವಿಷಯ ಹೇಳಿಲ್ಲ, ಬರೀ ಕೆಮ್ಮು, ಏನೂ ಇಲ್ಲ ಎಂದು ದಿನಾ ಹೇಳುತ್ತಿದ್ದೇನೆ, ನೀವೂ ಬಾಯಿ ಬಿಡಬೇಡಿ ಎಂದರು. ಆಮೇಲೆ ಚಿತ್ರ ಎಂದು ಕೈ ಚಾಚಿದರು.

"ಚಿತ್ರ ಐತೋ ಇಲ್ಲೋ, ನಂಗೆ ಗೊತ್ತಿಲ್ಲ ಭಾಯ್."

"ಹಸಿರು ಐತಲ್ರಿ ಮೇಡಂ" ಎಂದು ತಮ್ಮ ಫೋನು ತೋರಿಸಿದರು.

ನಾನು ಸೇರಿಸಿದ ಸಾಲಿನ ಕಥೆ ಹೇಳಿದೆ. ಅವರ ಮುಖ ಬಾಡಿತು. ತಾಯಿ ಆಸ್ಪತ್ರೆ ಸೇರಿದ ದಿನ ಸೆಂಟರಿಗೆ ಬೀಗ ಹಾಕಿದ್ದರಂತೆ. ಬೀಗ ಹಾಕುವಾಗ, ಬಜಾರಿನ ಎಲ್ಲ ಅಂಗಡಿಯವರ ಹಾಗೆ, ಮೇನ್ ಸ್ವಿಚ್ಚು ಇಳಿಸಿ, ಇಳಿದಿದೆಯೇ ಎಂದು ಮುಟ್ಟಿ ನೋಡಿ ಬಂದಿದ್ದರು. ಅವರ ಅಬ್ಬಾನ ಕಾಲದಿಂದ ನಡೆದು ಬಂದ ಪದ್ಧತಿ ಅದು. ದಾರಿಯಲ್ಲಿ ಯಂತ್ರದ ನೆನಪಾಗಿ ಫೋನು ನೋಡಿದ್ದರು. ಹಸಿರು ಕಂಡು, ಬ್ಯಾಟರಿ ಮೇಲೆ ನಡೆಯುತ್ತಿದೆ ಎಂದುಕೊಂಡು ನಿಶ್ಚಿಂತರಾಗಿದ್ದರು. ನಡೆಯುತ್ತಿದ್ದ ಯಂತ್ರ ಹಾಗೆ ಒಮ್ಮೆಲೇ ನಿಂತರೆ ಒಳಗಿನದು ಹಾಳಾಗಿರಬಹುದು ಎಂದು ನಾನು ಅವರಿಗೆ ಹೇಳಲೇಬೇಕಾಯಿತು.

ಅವರ ಕಾರಿನಲ್ಲಿ ಹರಿಹರಕ್ಕೆ ಹೊರಟೆವು. ದಾರಿಯಲ್ಲೇ ಲ್ಯಾಪ್‌ಟಾಪ್ ತೆರೆದು ಆ ಸಾಲನ್ನು ಅಳಿಸಿದೆ. ಅದರ ಜಾಗದಲ್ಲಿ ಮೂರನೆಯ ಬಣ್ಣ ಸೇರಿಸಿದೆ: ಯಂತ್ರ ಮಾತಾಡದಿದ್ದರೆ ಬೂದು, ಅಂದರೆ ಗೊತ್ತಿಲ್ಲ. ಎಲ್ಲರ ಫೋನಿನಲ್ಲೂ ಹರಿಹರದ ಚುಕ್ಕಿ ಬೂದಾಯಿತು. ಯಾರೋ ಆಗಲೇ ಕರೆ ಮಾಡಿದರು, ಇಜಾಜ್ ಭಾಯ್ ಎತ್ತಲಿಲ್ಲ.

ಸೆಂಟರಿನ ಬೀಗ ತೆಗೆದು ಮೇನ್ ಸ್ವಿಚ್ಚು ಎತ್ತಿದೆವು. ಯಂತ್ರ ಗೊರಗೊರ ಅಂದು ಎದ್ದಿತು, ಅದರ ಹಳೆಯ ಪುಟದಲ್ಲಿ 'ಆರಾಮ್' ಎಂದು ಬಂತು. ಅದನ್ನು ನೋಡಿ ನನಗೆ ಸಿಟ್ಟು ಬಂತು. ಹೊಸ ಪುಟಕ್ಕೆ ಹೋಗಿ, ಚಿತ್ರಗಳನ್ನು ಕೊನೆಯ ಸಲ ತೆರೆದು ನೋಡಿದ್ದು ಯಾವಾಗ ಎಂಬ ಸಾಲು ಓದಿದೆ. ಬೀಗ ಬೀಳುವುದಕ್ಕೂ ಮೊದಲಿನ ತಾರೀಖು. ಈಗ ತೆರೆದು ನೋಡು ಎಂದು ಆಜ್ಞೆ ಕೊಟ್ಟೆ. ಕೆಲವು ಚಿತ್ರಗಳು ಹಾಳಾಗಿವೆ ಎಂದು ಒಂದೊಂದಾಗಿ ಹೇಳತೊಡಗಿತು. ಇಜಾಜ್ ಭಾಯ್ ಪ್ರತಿಯೊಂದು ಹೆಸರನ್ನೂ ಬಗ್ಗಿ ಓದುತ್ತಿದ್ದರು. ದಿಲ್ಷಾದ್ ಬೇಗಂ ಹೆಸರು ಅದರಲ್ಲಿ ಇರಲಿಲ್ಲ.

ಚಿತ್ರ ತೆರೆದೆವು. ಹೊಸ ಸ್ಕ್ಯಾನಿನಲ್ಲಿ ಕಂಡ ಅದೇ ಜಾಗದಲ್ಲಿ, ಗಂಟು ಆಗಲೂ ಇತ್ತು. ದಿನಾ ಬೇರೆಯವರ ಗಂಟು ಅಳೆಯುವ ಮನುಷ್ಯ ತಾಯಿಯದನ್ನು ಅಳೆಯಲು ಒಪ್ಪಲಿಲ್ಲ. ಡಾಕ್ಟರಿಗೆ ಕಳಿಸಿ ಇಬ್ಬರೂ ಕಾಯುತ್ತ ಕೂತೆವು. ಡಾಕ್ಟರೇ ಫೋನು ಮಾಡಿದರು. ಒಂದು ಕೂದಲೆಳೆಯಷ್ಟೂ ಬೆಳೆದಿಲ್ಲ, ಸೂಜಿ ಬೇಡ, ಮುಂದಿನ ವರ್ಷ ಇನ್ನೊಮ್ಮೆ ನೋಡೋಣ ಎಂದರು. ನನಗೆ ಅಳು ಬಂತು, ಅತ್ತುಬಿಟ್ಟೆ.

ಇಜಾಜ್ ಭಾಯ್ ತಕ್ಷಣ ತಾಯಿಗೆ ಕರೆ ಮಾಡಿದರು. ಫೋನನ್ನು ಸ್ಪೀಕರಿಗೆ ಹಾಕಿ ಮೇಜಿನ ಮೇಲೆ ಇಟ್ಟರು. ಅವರ ಮನೆಮಾತು ಉರ್ದು. ಕೇಳಿದರೆ ನನಗೆ ತಿಳಿಯುತ್ತದೆ.

"ಅಮ್ಮಿ, ಏನೂ ಇಲ್ಲ" ಎಂದರು. ನಗುತ್ತಲೇ ಹೇಳಿದರು.

ಆ ಕಡೆಯಿಂದ ದಿಲ್ಷಾದ್ ಬೇಗಂ ಅಂದರು:

"ನಿನ್ನೆನೂ ಏನೂ ಇಲ್ಲ ಅಂದಿ ಬೇಟಾ. ಮೊನ್ನೆನೂ ಅಂದಿ. ಹಂಗಂದು ಹೊರಗೆ ಹೋಗಿ ಅಳ್ತಿದ್ದಿ, ಕಿಟಕಿನಾಗೆ ಕಾಣ್ತಿತ್ತು. ಇವತ್ತು ಅಂದಿದ್ದನ್ನ ಹೆಂಗೆ ನಂಬಲಿ?"

ಇಜಾಜ್ ಭಾಯ್ ನನ್ನ ಮುಖ ನೋಡಿದರು. ಅವರು ಸ್ಟೂಲು ಎಳೆದುಕೊಂಡು ಫೋನಿನ ಹತ್ತಿರ ಕೂತರು.

"ಅಮ್ಮಿ, ನಿನ್ನ ಎದೆಯಾಗೆ ಒಂದು ಗಂಟು ಐತೆ" ಎಂದು ಮೊದಲಿನಿಂದ ಹೇಳತೊಡಗಿದರು.