ನೆಲ ಮೂಸುವ ಪಾಠ

ಯೋಗೀಶ ಟೈಪು ಮಾಡಿಕೊಂಡು ಬಂದಿದ್ದ ಹೇಳಿಕೆ ನಾಲ್ಕೇ ಸಾಲಿನದು. ಸಂಜುವಿನ ಕಣ್ಣು ಮೂರನೆಯ ಸಾಲಿನಲ್ಲೇ ನಿಂತಿತು: 'ಗ್ರಿಲ್ ಹೊತ್ತಿಸುವ ಮುನ್ನ ಗಿರೀಶ ಗ್ಯಾಸ್ ವಾಸನೆ ಇದೆಯೇ ಎಂದು ನೋಡಲಿಲ್ಲ.'

"ಸೈನ್ ಮಾಡ್ಬಿಡಿ ಸಂಜು," ಎಂದ ಯೋಗೀಶ. ಪ್ಯಾರಮಟ್ಟಾದ ಈ ಹೋಟೆಲಿನ ಮಾಲೀಕ, ಬೆಂಗಳೂರಿನವನು. "ಹನ್ನೊಂದಕ್ಕೆ ಸೇಫ್ಟಿ ಇನ್‌ಸ್ಪೆಕ್ಟರ್ ಬರ್ತಾರೆ. ಅವನು ಕೇರ್‌ಲೆಸ್ ಆಗಿದ್ದ, ಸುಟ್ಕೊಂಡ. ಅಷ್ಟೇ ಕಥೆ."

"ಅವ ಮೂಸಿ ನೋಡ್ಯಾನ್ರಿ. ನಾ ಕಣ್ಣಾರೆ ಕಂಡೀನಿ."

"ನಿಮ್ಮ ವೀಸಾ ಯಾರ ಸ್ಪಾನ್ಸರ್‌ಶಿಪ್ ಮೇಲಿದೆ ಅನ್ನೋದನ್ನೂ ಹಾಗೇ ಕಣ್ಣಾರೆ ನೋಡ್ಕೊಳ್ಳಿ."

ಸಂಜು ಹಾಳೆಯನ್ನು ಮಡಿಚಿ ಜೇಬಿನಲ್ಲಿಟ್ಟುಕೊಂಡ. ಅವನು ಇಲ್ಲಿಯ ಮುಖ್ಯ ಅಡುಗೆಯವ. ಯೋಗೀಶ ಕೈಬಿಟ್ಟರೆ ಇಪ್ಪತ್ತೆಂಟು ದಿನದೊಳಗೆ ಬೇರೆ ಮಾಲೀಕನನ್ನು ಹುಡುಕಬೇಕು, ಇಲ್ಲವೇ ವಿಮಾನ ಹತ್ತಬೇಕು. ಆದರೆ ಆ ಮೂರನೆಯ ಸಾಲು ನಿಂತರೆ ಸಂಜುವಿನ ಕೈಕೆಳಗೆ ದುಡಿಯುವ ಗಿರೀಶನ ಕಥೆ ಮುಗಿದಂತೆ. ಕುಕರಿ ಕೋರ್ಸು ಮಾಡಿದವರು ಪಿಆರ್‌ಗೆ, ಅಂದರೆ ಇಲ್ಲಿ ಕಾಯಂ ನೆಲೆಸಲು, ಅರ್ಜಿ ಹಾಕಬೇಕಾದರೆ ಒಂಬೈನೂರು ತಾಸು ಕಿಚನ್ನಿನಲ್ಲಿ ದುಡಿದ ಪತ್ರ ಬೇಕು. 2007ರ ಆ ಚಳಿಗಾಲದಲ್ಲಿ ಗಿರೀಶನಿಗೆ ಎಂಟುನೂರ ಅರವತ್ತು ತಾಸು ಆಗಿತ್ತು. ತಪ್ಪು ಮಾಡಿ ಕೆಲಸ ಕಳೆದುಕೊಂಡವನಿಗೆ ಯೋಗೀಶ ಪತ್ರ ಕೊಡುವವನಲ್ಲ.

ನಡೆದದ್ದು ಮಂಗಳವಾರ ಬೆಳಿಗ್ಗೆ ಹತ್ತೂವರೆಗೆ. ತಲೆಯ ಮಟ್ಟಕ್ಕೆ ಗೋಡೆಗೆ ಕೂರಿಸಿದ, ಬೆಂಕಿ ಮೇಲಿಂದ ಕೆಳಕ್ಕೆ ಉರಿಯುವ ಗ್ರಿಲ್ ಅದು. ಗಿರೀಶ ಅದನ್ನು ಹೊತ್ತಿಸಿ ಈರುಳ್ಳಿ ಹೆಚ್ಚಲು ಹೋಗಿದ್ದ. ಹಿಂಬಾಗಿಲ ಗಾಳಿಗೆ ಉರಿ ಆರಿತು. ಉರಿ ಆರಿದರೆ ಗ್ಯಾಸು ತಾನಾಗಿ ನಿಲ್ಲಬೇಕು. ಆ ವಾಲ್ವು ಕೆಟ್ಟು ತಿಂಗಳಾಗಿತ್ತು, ಸರ್ವಿಸಿಗೆ ಕರೆಸುತ್ತೇನೆಂದು ಯೋಗೀಶ ಹೇಳುತ್ತಲೇ ಇದ್ದ. ಹತ್ತು ನಿಮಿಷದ ಮೇಲೆ ಗಿರೀಶ ಬಂದು ನೋಡಿ ಗ್ಯಾಸಿನ ಗುಂಡಿ ತಿರುಗಿಸಿ ನಿಲ್ಲಿಸಿದ. ಒಂದು ಕ್ಷಣ ಸುಮ್ಮನೆ ನಿಂತ. ಆಮೇಲೆ ಮಂಡಿಯೂರಿ, ನೆಲಕ್ಕೆ ಮೂಗು ಹಚ್ಚಿ ಮೂಸಿದ. ಎದ್ದು ಲೈಟರ್ ಒತ್ತಿದ. ಕೋಲ್ಡ್‌ರೂಮಿನ ಬಾಗಿಲಲ್ಲಿ ನಿಂತಿದ್ದ ಸಂಜುವಿನ ಕಣ್ಣೆದುರೇ ಹೊಗೆ ಹೀರುವ ಚಾವಣಿಯ ಹುಡ್ಡಿನಿಂದ ಬೆಂಕಿ ಕೆಳಕ್ಕೆ ಸುರಿಯಿತು.

ಮೂಸಿ ನೋಡುವ ಪಾಠ ಹೇಳಿಕೊಟ್ಟವನು ಸಂಜುವೇ. ಹುಬ್ಬಳ್ಳಿಯಲ್ಲಿ ತಂದೆ ಕಲ್ಲಯ್ಯನವರ ಖಾನಾವಳಿಯಲ್ಲಿ ಹನ್ನೆರಡು ವರ್ಷ ಸಿಲಿಂಡರುಗಳ ನಡುವೆ ಬೆಳೆದವನು ಅವನು. "ಗ್ಯಾಸ್ ಅಂದ್ರ ಹಾವು ಇದ್ದಂಗ, ನೆಲದ ಮ್ಯಾಲ ಹರೀತೈತಿ. ಮೊದಲ ಬಗ್ಗಿ ಮೂಸು, ಆಮ್ಯಾಲೆ ಹಚ್ಚು, ಹತ್ತಿದ ಮ್ಯಾಲ ಫ್ಯಾನ್ ಹಾಕು" ಎಂದು ಗಿರೀಶನಿಗೆ ಮೊದಲ ದಿನವೇ ಹೇಳಿದ್ದ.

"ಬಿಕಾಂ ಮಾಡಿ ನಾಯಿ ಆಗಾಕ ಇಷ್ಟ ದೂರ ಬಂದೆ ನೋಡಣ್ಣ," ಎಂದು ಗಿರೀಶ ನಕ್ಕಿದ್ದ. ನಕ್ಕರೂ ಒಂದು ದಿನವೂ ತಪ್ಪಿಸಿರಲಿಲ್ಲ.

ಇನ್‌ಸ್ಪೆಕ್ಟರ್ ಐವತ್ತರ ಆಸುಪಾಸಿನ ಹೆಂಗಸು. ವಾಲ್ವು ಬಿಚ್ಚಿಸಿ ಫೋಟೋ ತೆಗೆದುಕೊಂಡ ಮೇಲೆ ಸಂಜುವನ್ನು ಕರೆದು, ಕಂಡದ್ದನ್ನು ಹೇಳಿ ಎಂದು ಇಂಗ್ಲಿಷಿನಲ್ಲಿ ಕೇಳಿದಳು. ಯೋಗೀಶ ಬಾಗಿಲಿಗೆ ಒರಗಿ ನಿಂತಿದ್ದ. ಸಂಜು ಜೇಬಿನ ಹಾಳೆಯನ್ನು ಹೊರಗೆ ತೆಗೆಯಲಿಲ್ಲ.

"ಅವನು ಪರೀಕ್ಷೆ ಮಾಡಿದ. ನಾನು ನೋಡಿದ್ದೇನೆ."

"ಹೇಗೆ ಮಾಡಿದ? ತೋರಿಸಿ."

ಸಂಜು ಮಂಡಿಯೂರಿ, ಎರಡೂ ಅಂಗೈ ಟೈಲ್ಸಿನ ಮೇಲಿಟ್ಟು, ಮುಖ ಕೆಳಗೆ ತಂದು ಉಸಿರೆಳೆದ. ತಲೆಯೆತ್ತಿದಾಗ ಆಕೆಯ ಪೆನ್ನು ನಿಂತಿತ್ತು.

"ಅಲ್ಲೇಕೆ?"

"ಗ್ಯಾಸು ಕೆಳಗಿರುತ್ತದಲ್ಲ."

"ಅದು ಸಿಲಿಂಡರಿನ ಗ್ಯಾಸು. ಇಲ್ಲಿ ಪೈಪಿನಲ್ಲಿ ಬರುವುದು ನ್ಯಾಚುರಲ್ ಗ್ಯಾಸು. ಗಾಳಿಗಿಂತ ಹಗುರ. ಮೇಲಕ್ಕೆ ಹೋಗುತ್ತದೆ." ಆಕೆ ಪೆನ್ನಿನಿಂದ ಹುಡ್ಡನ್ನು ತೋರಿಸಿದಳು. "ಮೊದಲು ಫ್ಯಾನ್ ಹಾಕಿ, ಪೂರ್ತಿ ಗಾಳಿಯಾಡುವವರೆಗೆ ಕಾಯಬೇಕಿತ್ತು. ಇದನ್ನು ಯಾರು ಕಲಿಸಿದರು ಅವನಿಗೆ?"

ಸಂಜು ಮಂಡಿಯ ಮೇಲೆಯೇ ಇದ್ದ. ಮೆಲ್ಬರ್ನಿನಲ್ಲಿ ಎರಡು ವರ್ಷ, ಇಲ್ಲಿ ಒಂದೂವರೆ. ಅಷ್ಟೂ ಬೆಳಗು ಹೀಗೆಯೇ ನೆಲ ಮೂಸಿ, ಎದ್ದು, ಬೆಂಕಿ ಹಚ್ಚಿದ್ದ. ಅವನಿಗೆ ಏನೂ ಆಗಿರಲಿಲ್ಲ.

"ನಾನು," ಎಂದ.

ಆಕೆ ಅವನ ಪೂರ್ತಿ ಹೆಸರು ಕೇಳಿ ಬರೆದುಕೊಂಡಳು. ಗಿರೀಶನ ತಪ್ಪಿಲ್ಲ, ಕಲಿಸಿದಂತೆ ಮಾಡಿದ್ದಾನೆ ಎಂಬುದನ್ನೂ ಬರೆದುಕೊಂಡಳು. ಆಕೆಯ ಕಾರು ಹೊರಟ ಮೇಲೆ ಯೋಗೀಶ ಕೂಗಾಡಲಿಲ್ಲ.

"ಹರಿಶ್ಚಂದ್ರ ಆದ್ರಲ್ಲ. ನಾಳೆಯಿಂದ ಬರ್ಬೇಡಿ," ಎಂದಷ್ಟೇ ಅಂದ.

ಆಸ್ಪತ್ರೆಯಲ್ಲಿ ಗಿರೀಶನ ಗಂಟಲಿನ ಕೊಳವೆಯನ್ನು ಆ ದಿನವೇ ತೆಗೆದಿದ್ದರು. ಮುಖ, ಕುತ್ತಿಗೆ, ಎರಡೂ ಕೈ ಸುಟ್ಟಿದ್ದವು. ಮಂಚದ ಪಕ್ಕ ಅವನ ಅಕ್ಕ ಮಾಧುರಿ ಇದ್ದಳು. ಮೆಲ್ಬರ್ನಿನ ಗ್ಲೆನ್ ವೇವರ್ಲಿಯಿಂದ ಬಂದು ನಾಲ್ಕು ದಿನವಾಗಿತ್ತು.

"ಬರ್ರಿ ಅಣ್ಣಾರ," ಎಂದಳು. "ಅಪ್ಪ ಫೋನಿನಾಗ ಒಂದ ಸವನ ಬೈಯಾಕತ್ತಾನ. ಸಣ್ಣಾಂವ ಇದ್ದಾಗಿಂದ ಇವಂಗ ಯಾವುದರ ಮ್ಯಾಲೂ ಲಕ್ಷ್ಯ ಇಲ್ಲ, ಇದನ್ನೂ ಹಂಗ ಮಾಡಿಕೊಂಡಾನ ಅಂತ."

"ಲಕ್ಷ್ಯ ಇತ್ತವಾ. ನಾ ಹೇಳಿದಂಗ ಮಾಡ್ಯಾನ." ಸಂಜು ಕುಳಿತುಕೊಳ್ಳಲಿಲ್ಲ. "ನಾ ಹೇಳಿದ್ದ ತಪ್ಪಿತ್ತು. ಇಲ್ಲಿ ಗ್ಯಾಸು ಮ್ಯಾಲ ಏರತೈತಂತ. ನನಗ ಗೊತ್ತಿರಲಿಲ್ಲ."

ಮಾಧುರಿ ಅವನ ಕಡೆ ತಿರುಗಿದಳು. ಮಾತು ಬಂದದ್ದು ಮಂಚದ ಮೇಲಿಂದ, ಗರಗರ ಎನ್ನುವ ದನಿಯಲ್ಲಿ.

"ನಿಂತಾಗ ವಾಸನಿ ಬಂದಿತ್ತಣ್ಣ." ಗಿರೀಶ ಉಸಿರು ತೆಗೆದುಕೊಂಡ. "ಬಗ್ಗಿ ನೋಡಿದೆ, ಇರಲಿಲ್ಲ. ನನ್ನ ಮೂಗಿಂದ ತಪ್ಪು ಇರಬೇಕು ಅಂದ್ಕೊಂಡೆ."

ಪಕ್ಕದ ಮಂಚದವರ ಟಿವಿಯಲ್ಲಿ ಫುಟ್ಬಾಲ್ ನಡೆದಿತ್ತು.

"ನನ್ನ ತಾಸು ಕೈಬಿಟ್ಟು ಹೊಕ್ಕಾವೇನು?" ಎಂದು ಗಿರೀಶ ಕೇಳಿದ.

"ಇಲ್ಲ. ನಿನ್ನ ತಪ್ಪಿಲ್ಲಂತ ಬರದಾರ. ಎಂಟುನೂರ ಅರವತ್ತೂ ಎಣಸಾಕ ಬೇಕು."

"ಉಳದ ನಲವತ್ತು?"

ಎರಡೂ ಕೈಗೆ ಬೆರಳ ತುದಿಯಿಂದ ಮೊಣಕೈವರೆಗೆ ಬ್ಯಾಂಡೇಜು ಸುತ್ತಿ ದಿಂಬುಗಳ ಮೇಲೆ ಎತ್ತಿಟ್ಟಿದ್ದರು. ಬಲಗೈಯ ಎರಡು ಬೆರಳು ಉಳಿಯುವುದು ಅನುಮಾನ ಎಂದು ಡಾಕ್ಟರು ಮಾಧುರಿಗೆ ಮಾತ್ರ ಹೇಳಿದ್ದರು. ಅವಳು ಎದ್ದು ಮಂಚದ ಸುತ್ತಲಿನ ಪರದೆ ಎಳೆದಳು. ಸಂಜು ಹೊರಗುಳಿದ.